ಅವಳ ಪಾಲಿನ ಆಟ

ನಮ್ಮ ಊರಿಗೆ ಇರುವುದು ಒಂದೇ ಬೀದಿ. ಬೀದಿಯ ಎರಡೂ ಬದಿಗೆ ಮನೆಗಳು, ಮನೆಗೊಂದು ಜಗಲಿ, ಜಗಲಿಗೊಂದು ನಾಯಿ. ನಮ್ಮ ಊರಿನಲ್ಲಿ ಸತ್ತವರು ಸುಮ್ಮನೆ ಹೊರಡುವಂತಿಲ್ಲ. ಬದುಕಿದ್ದಾಗ ಅವರು ಮನೆಯ ನಾಯಿಗೆ ಕಲಿಸಿದ ಆಟವನ್ನು ಆ ನಾಯಿ ಹೊಸ್ತಿಲ ಮುಂದೆ ತೋರಿಸಬೇಕು. ತೋರಿಸಿದ ಮೇಲೆಯೇ ಚಟ್ಟ ಏಳುವುದು.

ಒಬ್ಬರಿಗೆ ಒಂದು ಆಟ ಸಾಕು. ದೊಡ್ಡ ಆಟವೇ ಆಗಬೇಕೆಂದಿಲ್ಲ. ಗಾಣದ ಮನೆಯ ಮುದುಕ ತನ್ನ ನಾಯಿಗೆ ಸೀನುವುದನ್ನು ಕಲಿಸಿದ್ದ. ಅವನು ಹೋದ ದಿನ ನಾಯಿ ಹೊಸ್ತಿಲ ಮುಂದೆ ನಿಂತು ಮೂರು ಸಲ ಸೀನಿತು; ಅಳುತ್ತಿದ್ದವರೆಲ್ಲ ನಕ್ಕರು, ನಗುತ್ತಲೇ ಹೆಗಲು ಕೊಟ್ಟರು. ಮಿಠಾಯಿ ಮಾಡುವವಳು ತನ್ನ ನಾಯಿಗೆ ಬೆಲ್ಲದ ಚೂರನ್ನು ಮೂಗಿನ ಮೇಲೆ ಇರಿಸಿಕೊಂಡು ಅಲುಗದೆ ಕೂರುವುದನ್ನು ಕಲಿಸಿದ್ದಳು. ಅವಳ ದಿನ ನಾಯಿ ಎಷ್ಟು ಹೊತ್ತು ಹಾಗೆ ಕೂತಿತ್ತೆಂದರೆ, ಇರುವೆ ಬಂದು ಬೆಲ್ಲ ಮುತ್ತಿತು. ಆಟ ಮುಗಿದ ಮೇಲೆ ಆ ಆಟದ ಮಾತನ್ನು ಆ ಮನೆಯಲ್ಲಿ ಯಾರೂ ಮತ್ತೆ ಆಡುವುದಿಲ್ಲ. ಮಾತು ಸತ್ತವರ ಜೊತೆಗೇ ಹೋಗುತ್ತದೆ.

ಹೊಸ್ತಿಲ ಹಿರಿಯರು ಎಂದು ನಮ್ಮಲ್ಲಿ ಒಬ್ಬರಿದ್ದಾರೆ. ಅವರು ಬಂದು ಕೋಲಿನಿಂದ ಹೊಸ್ತಿಲನ್ನು ಮೂರು ಸಲ ತಟ್ಟುತ್ತಾರೆ. "ಈ ಮನೆಯಿಂದ ಹೊರಟವರು ಏನು ಕಲಿಸಿದರು?" ಎಂದು ಕೇಳುತ್ತಾರೆ. ಮನೆಯವರೊಬ್ಬರು ಆಟದ ಮಾತನ್ನು ಬೀದಿಗೆ ಕೇಳುವ ಹಾಗೆ ಹೇಳುತ್ತಾರೆ. ನಾಯಿ ಆಡುತ್ತದೆ. "ಕಲಿಸಿದ್ದು ಸಂದಿತು, ಹೋಗಿ ಬನ್ನಿ" ಎಂದು ಹಿರಿಯರು ಹೇಳುತ್ತಾರೆ. ಕೇಳುವುದು, ಹೇಳುವುದು, ಆಡುವುದು, ಹೋಗುವುದು. ನಮ್ಮ ಅಜ್ಜಂದಿರು ಹಾಗೇ ಹೋದರು, ಅವರ ಅಜ್ಜಂದಿರೂ ಹಾಗೇ ಹೋದರು.

ಆಟವಿಲ್ಲದವರ ಚಟ್ಟ ಜಗಲಿಯಿಂದ ಮತ್ತೆ ಒಳಗೆ ಹೋಗಿ ಹಿತ್ತಲ ಬಾಗಿಲಿನಿಂದ ಹೊರಡುತ್ತದೆ. ಆಗ ಬೀದಿಯವರು ಮುಖ ತಿರುಗಿಸಿ ನಿಲ್ಲುತ್ತಾರೆ. ಅಂಥವರು ಹೋದರೂ ಹೋದಂತಲ್ಲ. ಅದಕ್ಕೊಂದು ಗುರುತಿದೆ. ನಿಜವಾಗಿ ಹೋದವರ ನಾಯಿ ಮೂರನೆಯ ದಿನ ಹೊಸ್ತಿಲು ದಾಟಿ ಬೀದಿಗೆ ಆಡಲು ಹೋಗುತ್ತದೆ. ಹೋಗದೆ ಉಳಿದವರ ನಾಯಿ ಹೊಸ್ತಿಲ ಒಳಗೇ ಕೂತಿರುತ್ತದೆ.

ಈ ಊರಿಗೆ ನಾನು ಕಲಿಸುವವ. ಮರಿ ತಂದವರು ಮೊದಲು ನನ್ನ ಜಗಲಿಗೆ ಬರುತ್ತಿದ್ದರು. ನಾನು ಹೇಳಿಕೊಡುತ್ತಿದ್ದೆ: ಊಟಕ್ಕೆ ಮುಂಚೆ ಕಲಿಸಿ, ಹೊಟ್ಟೆ ತುಂಬಿದ ನಾಯಿಗೆ ಪಾಠ ಬೇಡ. ತುತ್ತನ್ನು ಮೂಗಿನ ಮುಂದೆ ಹಿಡಿದು ತಲೆಯ ಮೇಲಿಂದ ಹಿಂದಕ್ಕೆ ಒಯ್ಯಿರಿ. ಮೂತಿ ಮೇಲೆ ಹೋದರೆ ಹಿಂಭಾಗ ತಾನಾಗಿ ನೆಲಕ್ಕೆ ಬರುತ್ತದೆ, ಆಗ 'ಕೂರು' ಅನ್ನಿ. ಮಾತು ಒಂದೇ ಸಲ. ಎರಡು ಸಲ ಹೇಳುವುದನ್ನು ರೂಢಿ ಮಾಡಿದರೆ ನಾಯಿ ಎರಡನೆಯದಕ್ಕೇ ಕಾಯುತ್ತದೆ. ಮಾಡಿದ ಕೂಡಲೇ ತುತ್ತು ಕೊಡಿ, ಬೆನ್ನು ಸವರಿ. ಮಾಡದಿದ್ದರೆ ಬಯ್ಯಬೇಡಿ, ಬೈಗುಳದಿಂದ ಯಾವ ನಾಯಿಯೂ ಏನೂ ಕಲಿಯುವುದಿಲ್ಲ. ಇದನ್ನೆಲ್ಲ ಹೇಳುವಾಗ ನನ್ನ ದನಿ ಬೆಣ್ಣೆಯ ಹಾಗಿರುತ್ತಿತ್ತು. ಕೇಳಿದವರು, ಇಂಥ ತಾಳ್ಮೆ ಇನ್ಯಾರಿಗುಂಟು ಎಂದು ಹೊಗಳಿಕೊಂಡು ಹೋಗುತ್ತಿದ್ದರು.

ಉಳಿದವರ ನಾಯಿಗಳಿಗೆ ಒಂದೋ ಎರಡೋ ಆಟ. ನನ್ನ ನಾಯಿಗೆ ಹನ್ನೊಂದು. ಕೂರುವುದು, ಮಲಗುವುದು, ಕೈ ಕೊಡುವುದು, ಉರುಳುವುದು, ತನ್ನ ಬಾಲದ ಸುತ್ತ ತಿರುಗುವುದು, ಚಪ್ಪಲಿ ತರುವುದು, ತಂದದ್ದನ್ನು ಬಿಡುವುದು, ಬಾಗಿಲು ಮುಚ್ಚುವುದು, ನನ್ನ ಕಾಲುಗಳ ನಡುವೆ ನುಸುಳುತ್ತ ನಡೆಯುವುದು, ಸತ್ತ ಹಾಗೆ ಬೀಳುವುದು. ಎಲ್ಲಕ್ಕಿಂತ ಹೆಸರಾದದ್ದು ನಮಸ್ಕಾರ. 'ನಮಸ್ಕಾರ' ಅಂದರೆ ಸಾಕು, ಹಿಂಗಾಲ ಮೇಲೆ ಎದ್ದು ಮುಂಗಾಲು ಎರಡನ್ನೂ ಜೋಡಿಸುತ್ತಿತ್ತು. ಅದನ್ನು ನೋಡಲು ಬೀದಿಯ ಆ ತುದಿಯಿಂದ ಜನ ಬರುತ್ತಿದ್ದರು, ನಾನು ಬೇಕೆಂದೇ ಸ್ವಲ್ಪ ಕಾಯಿಸುತ್ತಿದ್ದೆ.

ನನಗೊಬ್ಬಳು ಹೆಂಡತಿ ಇದ್ದಳು. ಇದನ್ನು ಇಷ್ಟು ತಡವಾಗಿ ಹೇಳುತ್ತಿದ್ದೇನೆ, ನೋಡಿ. ನಾಯಿ ಮರಿಯಾಗಿದ್ದಾಗ ಒಮ್ಮೆ ಅವಳು ಅದನ್ನು 'ಬಾ ಮಗಾ' ಎಂದು ಕರೆದಳು. ನಾನು ಕಲಿಸುತ್ತಿದ್ದ ಮಾತು 'ಇಲ್ಲಿ ಬಾ'. ಒಂದು ಮನೆಯಲ್ಲಿ ಎರಡು ಬಾಯಿ ಅಪ್ಪಣೆ ಕೊಟ್ಟರೆ ನಾಯಿ ಕೆಟ್ಟುಹೋಗುತ್ತದೆ, ಇನ್ನು ಮುಂದೆ ಅದರ ಜೊತೆ ಮಾತಾಡಬೇಡ ಎಂದು ನಾನು ಅವಳಿಗೆ ತಾಕೀತು ಮಾಡಿದೆ. ಹಾಗಾದರೆ ನನ್ನ ಪಾಲಿನ ಆಟ ಯಾವಾಗ ಕಲಿಸಲಿ ಎಂದು ಅವಳು ಕೇಳಿದಳು. ಅದಕ್ಕೇನು ಅವಸರ ಎಂದೆ. ಅವಳು ಮತ್ತೆ ಕೇಳಲಿಲ್ಲ. ಮತ್ತೆ ಕೇಳದವರಿಗೆ ಅದು ಬೇಕಾಗಿಲ್ಲ ಎಂದುಕೊಳ್ಳುವುದು ನನ್ನ ಅಭ್ಯಾಸ.

ಅವಳಿಗೆ ಜ್ವರ ಬಂತು. ನಾಲ್ಕನೆಯ ಬೆಳಿಗ್ಗೆ ಅವಳ ಉಸಿರು ಸಣ್ಣದಾಗಿದ್ದಾಗ ನನಗೆ ಥಟ್ಟನೆ ಆಟದ ನೆನಪಾಯಿತು. ಏನಾದರೂ ಕಲಿಸಿದ್ದೀಯಾ ಎಂದು ಬಗ್ಗಿ ಕೇಳಿದೆ. "ಕಲಿಸಿದೀನಿ" ಎಂದಳು. ಮಾತೇನು ಎಂದು ಕೇಳಿದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ ಗೋಡೆಯ ಕಡೆ ಹೊರಳಿದಳು. ಬಿಸಿಲು ಜಗಲಿಗೆ ಏರುವ ಹೊತ್ತಿಗೆ ಅವಳು ಇರಲಿಲ್ಲ.

ಬೀದಿಯೆಲ್ಲ ಬಂದು ಸೇರಿತು. ಚಟ್ಟವನ್ನು ಜಗಲಿಯ ಮೇಲೆ ಇಟ್ಟರು. ಹಿರಿಯರು ಮೂರು ಸಲ ಹೊಸ್ತಿಲು ತಟ್ಟಿ, ಈ ಮನೆಯಿಂದ ಹೊರಟವರು ಏನು ಕಲಿಸಿದರು ಎಂದು ಕೇಳಿದರು. ನಾಯಿ ನನ್ನ ಮುಖ ನೋಡುತ್ತಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಊರಿಗೆಲ್ಲ ಕಲಿಸುವವನ ಬಾಯಲ್ಲಿ ತನ್ನ ಹೆಂಡತಿಯ ಮಾತಿಲ್ಲ. ನಾನು ತುಟಿಯ ಒಳಗೇ 'ಆಡು' ಎಂದೆ, 'ತೋರಿಸು' ಎಂದೆ, 'ಅಮ್ಮಾ' ಎಂದೆ. ಏನು ಮಾಡಬೇಕೆಂದು ತಿಳಿಯದಿದ್ದರೆ ನಾಯಿ ತನಗೆ ಬರುವುದನ್ನೆಲ್ಲ ಮಾಡಿ ನೋಡುತ್ತದೆ. ನನ್ನದೂ ಹಾಗೇ ಮಾಡಿತು. ಕೂತಿತು, ಉರುಳಿತು, ತಿರುಗಿತು. ಓಡಿಹೋಗಿ ನನ್ನ ಚಪ್ಪಲಿ ತಂದಿತು. ಕೊನೆಗೆ ಚಟ್ಟದ ಪಕ್ಕದಲ್ಲಿ ಕಾಲು ಚಾಚಿ ಸತ್ತ ಹಾಗೆ ಬಿದ್ದು, ಒಂದು ಕಣ್ಣು ತೆರೆದು, ತುತ್ತು ಬರುತ್ತದೋ ಎಂದು ನನ್ನನ್ನು ನೋಡಿತು. ಹೆಂಗಸರ ನಡುವೆ ಯಾರೋ ಅಯ್ಯೋ ಅಂದರು.

ಅವಳ ಚಟ್ಟ ಹಿತ್ತಲಿನಿಂದ ಹೋಗುತ್ತದೆ ಎಂಬುದಕ್ಕಿಂತ, ಕಲಿಸುವವನ ಮನೆಯಿಂದ ಚಟ್ಟ ಹಿತ್ತಲಿನಿಂದ ಹೋಯಿತು ಎಂದು ಜನ ಆಡಿಕೊಳ್ಳುವುದೇ ನನ್ನ ಕಣ್ಣಮುಂದೆ ಬಂತು. ನಾನು ಗಂಟಲು ಸರಿಮಾಡಿಕೊಂಡು 'ನಮಸ್ಕಾರ' ಎಂದೆ. ನಾಯಿ ಹಿಂಗಾಲ ಮೇಲೆ ಎದ್ದು ಮುಂಗಾಲು ಜೋಡಿಸಿತು. ಬೀದಿ ನಿಟ್ಟುಸಿರು ಬಿಟ್ಟಿತು. ಇದು ಅವಳದೇನಪ್ಪ ಎಂದು ಹಿರಿಯರು ಕೇಳಿದರು. "ಅವಳದೇ" ಎಂದೆ. ಅಂಥ ಹೆಸರಾದ ಆಟ ಕಲಿಸಿದ್ದು ಅವಳೇ ಆದರೂ ಒಂದು ದಿನವೂ ಹೇಳಿಕೊಂಡವಳಲ್ಲ ಎಂದು ಗಂಡಸರು ಕಣ್ಣೊರೆಸಿಕೊಂಡರು. ಪಕ್ಕದ ಮನೆಯ ಅಕ್ಕ ಮಾತ್ರ ಒಂದು ಮಾತೂ ಆಡಲಿಲ್ಲ. ಚಟ್ಟ ಜಗಲಿಯಿಂದ ನೇರ ಬೀದಿಗೇ ಇಳಿಯಿತು. ನಾನೂ ಅದರ ಹಿಂದೆ ತಲೆ ಎತ್ತಿಯೇ ನಡೆದೆ, ಹೇಳಲು ನಾಚಿಕೆಯಾಗುತ್ತದೆ.

ಮೂರನೆಯ ದಿನ ನಾಯಿ ಹೊಸ್ತಿಲು ದಾಟಲಿಲ್ಲ. ನಾಲ್ಕನೆಯ ದಿನವೂ ದಾಟಲಿಲ್ಲ. ಐದನೆಯ ದಿನ ನಾನೇ ಅದನ್ನು ಎತ್ತಿಕೊಂಡು ಹೋಗಿ ಬೀದಿಯ ಮಧ್ಯೆ ಇಳಿಸಿದೆ. ನಾನು ತಿರುಗುವ ಮೊದಲೇ ಅದು ಒಳಗೆ ಹೋಗಿ ಕೂತಿತ್ತು. ಕೇಳಿದವರಿಗೆ ಅದರ ಕಾಲಿಗೆ ಮುಳ್ಳು ತಗುಲಿದೆ ಎಂದೆ. ಒಂದು ಸುಳ್ಳಿಗೆ ಇನ್ನೊಂದನ್ನು ಆಸರೆ ನಿಲ್ಲಿಸುತ್ತ ಹೋದೆ. ಜನ ತಲೆಯಾಡಿಸಿದರು, ಆದರೆ ನನ್ನ ಜಗಲಿಯ ಮುಂದೆ ಬಂದಾಗ ಅವರ ನಡಿಗೆ ನಿಧಾನವಾಗುತ್ತಿತ್ತು, ಕಣ್ಣು ಹೊಸ್ತಿಲ ಕಡೆ ಹೋಗುತ್ತಿತ್ತು.

ಅವಳು ಹೋಗಿರಲಿಲ್ಲ. ಮನೆಯಲ್ಲೇ ಇದ್ದಳು, ಹೊರಡಲು ಎದ್ದು ನಿಂತವಳನ್ನು ಬಾಗಿಲಲ್ಲಿ ತಡೆದ ಹಾಗೆ ನಾನೇ ತಡೆದಿದ್ದೆ. ಅವಳ ಮಾತನ್ನು ಹುಡುಕಲೇಬೇಕಾಯಿತು. ಬೆಳಿಗ್ಗೆ ಒಣಮೀನಿನ ಚೂರುಗಳನ್ನು ಹಿಡಿದುಕೊಂಡು ನಾಯಿಯ ಮುಂದೆ ಕೂರುತ್ತಿದ್ದೆ. ಅಕ್ಕಿ ಎನ್ನುತ್ತಿದ್ದೆ, ನೀರು ಎನ್ನುತ್ತಿದ್ದೆ. ಮೊರ, ಪೊರಕೆ, ಒಲೆ, ಉಪ್ಪು ಎನ್ನುತ್ತಿದ್ದೆ. ಅವಳ ತವರಿನವರ ಹೆಸರುಗಳನ್ನು ನೆನಪಿದ್ದಷ್ಟು ಹೇಳಿದೆ, ಅವು ಬಹಳ ಇರಲಿಲ್ಲ. ಒಂದೊಂದು ಮಾತಿಗೂ ನಾಯಿ ಕಿವಿ ನಿಮಿರಿಸಿ, ಕಾದು, ಮತ್ತೆ ಇಳಿಸುತ್ತಿತ್ತು. ಅವಳು ಹಾಡುತ್ತಿದ್ದಳೇ, ತನ್ನಷ್ಟಕ್ಕೆ ಏನಾದರೂ ಗೊಣಗುತ್ತಿದ್ದಳೇ ಎಂದು ನೆನೆಸಿಕೊಳ್ಳಲು ನೋಡಿದೆ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದವಳು ದಿನವಿಡೀ ಯಾವ ಮಾತು ಆಡುತ್ತಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನ ನೆನಪಿನಲ್ಲಿ ಇದ್ದದ್ದೆಲ್ಲ ನನ್ನದೇ ದನಿ.

ಹದಿಮೂರನೆಯ ದಿನ ಮಧ್ಯಾಹ್ನ ಪಕ್ಕದ ಮನೆಯ ಅಕ್ಕ ಊಟ ತಂದಳು. ನಾನು ನಾಯಿಯ ಮುಂದೆ ಕೂತು ಪಾತ್ರೆಗಳ ಹೆಸರು ಹೇಳುತ್ತಿದ್ದೆ. ಅವಳು ತಟ್ಟೆಗೆ ಅನ್ನ ಬಡಿಸಿ, ಎದುರಿಗೆ ನೆಲದ ಮೇಲೆ ಕೂತು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ, ಮಾತನ್ನು ಅವಳ ಬಾಯಲ್ಲಿ ಹುಡುಕಬೇಡ ತಮ್ಮಾ ಎಂದಳು. ನನಗೆ ರೇಗಿತು. ಹದಿಮೂರು ದಿನದ ಸಂಕಟವೆಲ್ಲ ತಲೆಗೇರಿತು. ಕಲಿಸುವವನಿಗೆ ಕಲಿಸಲು ಬಂದಳಲ್ಲ ಎನ್ನಿಸಿತು. ಹಿರಿಯಳು, ಹಸಿದವನಿಗೆ ಅನ್ನ ತಂದವಳು ಎಂಬುದನ್ನೂ ಮರೆತು ಅವಳ ಮೇಲೆ ಹರಿಹಾಯ್ದೆ.

"ನಿಂಗೇನು ಗೊತ್ತು?"

ನಾಯಿ ಎದ್ದಿತು. ಅಡುಗೆಮನೆಯ ಬಾಗಿಲ ಪಕ್ಕ ಗೋಡೆಗೆ ಒರಗಿ ನನ್ನ ಹೆಂಡತಿ ಅಕ್ಕಿ ಆರಿಸುತ್ತಿದ್ದ ಜಾಗಕ್ಕೆ ಹೋಯಿತು. ಅಲ್ಲಿ ನೆಲ ಮೂಸಿ ನೋಡಿ ನಿಂತಿತು. ಆಮೇಲೆ ತಿರುಗಿ ಬಂದು, ಅಕ್ಕನ ತೊಡೆಯ ಮೇಲೆ ತಲೆ ಇಟ್ಟು, ಮೈಯ ಭಾರವನ್ನೆಲ್ಲ ಅವಳ ಮೇಲೆ ಬಿಟ್ಟಿತು. ಅಕ್ಕ ಏನೂ ಆಶ್ಚರ್ಯಪಡಲಿಲ್ಲ. ಅದರ ಹಣೆಯಿಂದ ಕತ್ತಿನವರೆಗೆ ನಿಧಾನವಾಗಿ ಕೈ ಎಳೆದಳು.

ನಾನು ಆ ಆಟ ಕಲಿಸಿರಲಿಲ್ಲ.

ಹೆಂಡತಿಗೆ ನಾನು ಆ ಮಾತು ಆಡಿದಾಗಲೆಲ್ಲ ನಾಯಿ ನನ್ನ ಪಕ್ಕದಿಂದ ಎದ್ದು ಒಳಗೆ ಹೋಗುವುದನ್ನು ನಾನು ಕಂಡಿದ್ದೆ. ಇದೊಂದು ಕೆಟ್ಟ ಚಾಳಿ ಮಾತ್ರ ತಿದ್ದಲಾಗಲಿಲ್ಲ ಎಂದು ಬಂದವರ ಮುಂದೆ ಬೇಸರವನ್ನೂ ತೋಡಿಕೊಂಡಿದ್ದೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಎದ್ದು ಹೋಗಿ ನೋಡಿದವನಲ್ಲ.

"ಅವಳಿಗೆ ನಾಯಿ ಜೊತೆ ಮಾತಾಡೋ ಹಾಗಿರಲಿಲ್ಲವಲ್ಲ" ಎಂದಳು ಅಕ್ಕ. "ಅದಕ್ಕೇ ಅಪ್ಪಣೆ ನಿಂದೇ ಇಟ್ಟುಕೊಂಡಳು. ಆಟ ಮಾತ್ರ ಅವಳದು."

ಆಗ ನಾನು ಕೇಳಿದ ಪ್ರಶ್ನೆಯನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಎನಿಸುತ್ತದೆ. ಬೇರೆ ಏನನ್ನಾದರೂ ಕೇಳಬಹುದಿತ್ತು. ನಾನು ಕಲಿಸುವವ, ಕಲಿಯಲು ಎಷ್ಟು ದಿನ ಹಿಡಿಯಿತು ಎಂದು ಕೇಳಿದೆ.

"ಎಂಟು ದಿನ ಅಂದಿದ್ಲು. ದಿನಕ್ಕೆ ಅಷ್ಟು ಸಲ ಆಡ್ತಿದ್ದೆಯಲ್ಲ ಆ ಮಾತನ್ನ."

ತಟ್ಟೆಯ ಅನ್ನ ಆರಿಹೋಯಿತು. ಅಂದು ಹೊಸ್ತಿಲ ಮುಂದೆ ನೀವ್ಯಾಕೆ ಹೇಳಲಿಲ್ಲ ಎಂದು ನಾನು ಅಕ್ಕನನ್ನು ಕೇಳಿದೆ. ಅವಳು ನಾಯಿಯ ಕಿವಿಯನ್ನು ಬೆರಳಲ್ಲಿ ಮಡಚುತ್ತ, ಬಿಡಿಸುತ್ತ ಕೂತಿದ್ದಳು. ನನಗೆ ಗೊತ್ತಿಲ್ಲ ಎಂದು ನೀನು ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಹೇಳುತ್ತಿದ್ದೆ, ಅದಕ್ಕೇ ಕಾದೆ ಎಂದಳು. ಪಾತ್ರೆ ತೆಗೆದುಕೊಂಡು ಎದ್ದು ಹೋದಳು.

ನಾನು ಹಿರಿಯರ ಮನೆಗೆ ಹೋಗಿ, ಇನ್ನೊಂದು ಸಲ ನನ್ನ ಹೊಸ್ತಿಲು ತಟ್ಟಬೇಕು ಎಂದು ಬೇಡಿಕೊಂಡೆ. ಅವರ ನಾಯಿ ಅವರ ಪಾದದ ಮೇಲೆ ಗದ್ದ ಇಟ್ಟು ಮಲಗಿತ್ತು. ಅದು ಅವರನ್ನು ಬಿಟ್ಟು ಕದಲುತ್ತಿರಲಿಲ್ಲ. ಒಮ್ಮೆ ಸಂದದ್ದನ್ನು ಮತ್ತೆ ಕೇಳಿದ ದಾಖಲೆ ನಮ್ಮಲ್ಲಿ ಇಲ್ಲವಪ್ಪ ಎಂದರು. ನಾನು ಸುಳ್ಳು ಹೇಳಿದ್ದನ್ನು ಹೇಳಿದೆ. ಅವಳ ಮಾತು ಯಾವುದೆಂದೂ ಹೇಳಿದೆ, ಅದನ್ನು ಪಿಸುದನಿಯಲ್ಲಿ ಹೇಳಿದೆ. ಹಿರಿಯರು ಒಳ್ಳೆಯವರು, ನನ್ನ ಮರ್ಯಾದೆಯ ಬಗ್ಗೆ ಅವರಿಗೆ ಕಾಳಜಿ ಇತ್ತು. ಬಾಗಿಲು ಹಾಕಿಕೊಂಡು ಒಳಗೇ ಹೇಳಿ ಮುಗಿಸಬಾರದೇ, ಬೀದಿಗೆ ಯಾಕೆ ತರುತ್ತೀಯ ಎಂದರು. ಒಂದು ಗಳಿಗೆ ನನಗೂ ಅದೇ ಸರಿ ಎನ್ನಿಸಿತು. ಆದರೆ ಬಾಗಿಲ ಒಳಗೆ ನಾನು ಅದನ್ನು ಸಾವಿರ ಸಲ ಹೇಳಿದ್ದೆ. ಅದರಿಂದ ಅವಳಿಗೆ ಎಲ್ಲಿಗೂ ಹೋಗಲು ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಬೀದಿ ಮತ್ತೆ ಸೇರಿತು. ಗಂಡಸರು ನನ್ನ ಮನೆಯ ಮುಂದೆ ಬೀದಿಯಲ್ಲಿ ನಿಂತರು, ಅವರವರ ನಾಯಿಗಳು ಅವರವರ ಕಾಲಬುಡದಲ್ಲಿ ಕೂತವು. ಹೆಂಗಸರು ಜಗಲಿಗಳ ಮೇಲೆ ಕೂತರು. ಅಕ್ಕ ನನ್ನ ಜಗಲಿಯ ಮೇಲೇ, ಚಟ್ಟ ಇಟ್ಟಿದ್ದ ಜಾಗದಲ್ಲಿ ಕೂತಳು. ಹಿರಿಯರು ಮೂರು ಸಲ ತಟ್ಟಿದರು. ಈ ಮನೆಯಿಂದ ಹೊರಟವರು ಏನು ಕಲಿಸಿದರು ಎಂದು ಕೇಳಿದರು.

ಮೊದಲು ನಾನು, ನಮಸ್ಕಾರ ನನ್ನದು ಎಂದೆ. ಅವಳ ಆಟ ನನಗೆ ಗೊತ್ತಿರಲಿಲ್ಲ ಎಂದೆ. ಗಂಡಸರಲ್ಲಿ ಗುಸುಗುಸು ಎದ್ದಿತು, ಒಬ್ಬಿಬ್ಬರು ನಕ್ಕರು. ಅದು ಅಷ್ಟು ಕಷ್ಟವಾಗಲಿಲ್ಲ. ಆಮೇಲೆ ಆ ಮಾತನ್ನು ಹೇಳಿದೆ. ತಲೆ ತಗ್ಗಿಸಿ, ತಪ್ಪೊಪ್ಪಿಕೊಳ್ಳುವವನು ಹೇಳುವ ಹಾಗೆ ಮೆಲ್ಲಗೆ ಹೇಳಿದೆ. ನಾಯಿ ಹೊಸ್ತಿಲ ಒಳಗೆ ಮಲಗಿದ್ದಲ್ಲೇ ಮಲಗಿತ್ತು.

ನಾಯಿ ಮಾತಿನ ಜೊತೆ ದನಿಯನ್ನೂ ಕಲಿತಿರುತ್ತದೆ. ಇದನ್ನು ಊರಿಗೆಲ್ಲ ಹೇಳಿಕೊಟ್ಟವನು ನಾನೇ. ಆ ಮಾತನ್ನು ನಾನು ಅವಳಿಗೆ ಎಂದೂ ಮೆಲ್ಲಗೆ ಆಡಿದವನಲ್ಲ. ಮಾಫಿ ಕೇಳುವ ದನಿ ಅದಕ್ಕೆ ಪರಿಚಯವೇ ಇರಲಿಲ್ಲ. ಅವಳು ಹೋಗಬೇಕಾದರೆ ಹಳೆಯ ದನಿಯೇ ಬೇಕಿತ್ತು, ಅದನ್ನು ಬೀದಿ ಕೇಳಬೇಕಿತ್ತು. ಬೆಣ್ಣೆಯಂಥ ಮಾತಿನವನೆಂದು ನನ್ನನ್ನು ತಿಳಿದಿದ್ದವರೆಲ್ಲ ಅಲ್ಲಿ ನಿಂತಿದ್ದರು. ನೆಲ ಬಾಯಿಬಿಟ್ಟರೆ ಸಾಕು ಎನ್ನಿಸಿತು. ನಾನು ಒಳಗೆ, ಅಡುಗೆಮನೆಯ ಬಾಗಿಲ ಪಕ್ಕದ ಖಾಲಿ ಗೋಡೆಯ ಕಡೆ ತಿರುಗಿದೆ. ಸಾರಿಗೆ ಉಪ್ಪು ಹೆಚ್ಚಾದಾಗ, ಕದ ಹಾಕಲು ಮರೆತಾಗ, ನಾಲ್ಕು ಜನರ ಮುಂದೆ ಅವಳು ಒಂದು ಮಾತು ಸೇರಿಸಿದಾಗ ಹೇಗೆ ಆಡುತ್ತಿದ್ದೆನೋ ಹಾಗೇ ಆಡಿದೆ.

"ನಿಂಗೇನು ಗೊತ್ತು?"

ಅದು ಎದುರುಮನೆಯ ಗೋಡೆಗೆ ಬಡಿದು ಬೀದಿಯುದ್ದಕ್ಕೂ ಹೋಯಿತು. ನನ್ನ ನಾಯಿ ಎದ್ದಿತು. ಹೊಸ್ತಿಲು ದಾಟಿ ಜಗಲಿಗೆ ಬಂದು, ಅಕ್ಕನ ತೊಡೆಯ ಮೇಲೆ ತಲೆ ಇಟ್ಟಿತು.

ಆಗ ಗಾಣದ ಮನೆಯ ನಾಯಿ ಎದ್ದಿತು. ಯಜಮಾನನ ಕಾಲಬುಡ ಬಿಟ್ಟು, ಬೀದಿ ದಾಟಿ, ಜಗಲಿ ಹತ್ತಿ ಆ ಮನೆಯ ಸೊಸೆಯ ತೊಡೆಯ ಮೇಲೆ ತಲೆ ಇಟ್ಟಿತು. ಅದರ ಹಿಂದೆ ಎದುರುಮನೆಯದು. ಆಮೇಲೆ ಅದರ ಪಕ್ಕದ್ದು, ಅದರ ಪಕ್ಕದ್ದು. ಒಂದೊಂದೇ ನಾಯಿ ಎದ್ದು, ಕಿವಿ ಇಳಿಬಿಟ್ಟು, ಗಂಡಸರ ನಡುವಿನಿಂದ ದಾರಿ ಮಾಡಿಕೊಂಡು ನಡೆಯಿತು. ಒಂದೊಂದೇ ತಲೆ ಒಂದೊಂದೇ ತೊಡೆಯ ಮೇಲೆ ಇಳಿಯಿತು. ಹೆಂಗಸರು ಬೆಚ್ಚಲಿಲ್ಲ. ಅವರ ಕೈಗಳು ತಾವಾಗಿ ನಾಯಿಗಳ ಹಣೆಗೆ ಹೋದವು, ಹಣೆಯಿಂದ ಕತ್ತಿನವರೆಗೆ ಹರಿದವು. ಆ ಮಾತು, ಆ ದನಿ ಪ್ರತಿ ಮನೆಯಲ್ಲೂ ಇತ್ತು. ನಾನು ಮನೆಯಲ್ಲಿ ಇಲ್ಲದ ಮಧ್ಯಾಹ್ನಗಳಲ್ಲಿ ಬೀದಿಯ ಹೆಂಗಸರೆಲ್ಲ ನನ್ನ ಅಡುಗೆಮನೆಯಲ್ಲಿ ಪಾಠಕ್ಕೆ ಕೂರುತ್ತಿದ್ದರೆಂದು ನನಗೆ ತಿಳಿದದ್ದು ಆಗ.

ಕಡೆಯದಾಗಿ ಹಿರಿಯರ ನಾಯಿ ಅವರ ಪಾದದಿಂದ ಗದ್ದ ಎತ್ತಿತು. ಅವರು ಕೋಲನ್ನು ಅಡ್ಡ ಇಟ್ಟರು. ಅದು ಕೋಲನ್ನು ಬಳಸಿಕೊಂಡು, ಬೀದಿಯ ಕೊನೆಯವರೆಗೆ ನಡೆದುಕೊಂಡು ಹೋಯಿತು. ಅಲ್ಲಿ ಅವರ ಮುದಿ ಹೆಂಡತಿ ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದಳು. ಅದು ಬರುವುದನ್ನು ನೋಡಿ ಅವಳು ಸೆರಗು ಸರಿಸಿ ತೊಡೆಯ ಮೇಲೆ ಜಾಗ ಮಾಡಿದಳು.

'ಕಲಿಸಿದ್ದು ಸಂದಿತು' ಎನ್ನಲು ಹಿರಿಯರು ಬಾಯಿ ತೆರೆದರು. ದನಿ ಹೊರಡಲಿಲ್ಲ. ಮತ್ತೆ ತೆರೆದರು. ಕೊನೆಗೆ ಅಕ್ಕನೇ, ಕೂತಲ್ಲಿಂದ ಏಳದೆ, ನನ್ನ ನಾಯಿಯ ತಲೆಯ ಮೇಲೆ ಕೈಯಿಟ್ಟು ಹೇಳಿದಳು.

"ಕಲಿಸಿದ್ದು ಸಂದಿತು ತಂಗಿ. ಹೋಗಿ ಬಾ."

ಬೀದಿಯಲ್ಲಿ ಅಷ್ಟೊಂದು ಗಂಡಸರು ನಿಂತಿದ್ದೆವು. ಯಾರೂ ತಮ್ಮ ನಾಯಿಯನ್ನು ವಾಪಸು ಕರೆಯಲಿಲ್ಲ.